ವಜಾ ಆದ ಮೇಲ್ಮನವಿ, ಉಳಿದ ಒಂದು ಗೇಣು

ನಾನು ಗೆದ್ದೆನೋ ಸೋತೆನೋ ಎಂಬುದು ನನಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ಗೆದ್ದಿದ್ದರೆ ಬೀದಿಗೆಲ್ಲ ಸಿಹಿ ಹಂಚುತ್ತಿದ್ದೆ. ಸೋತಿದ್ದರೆ ನಾಲ್ಕು ದಿನ ಎಲ್ಲರ ಮೇಲೂ ಹಾರಾಡಿ ಸುಮ್ಮನಾಗುತ್ತಿದ್ದೆ. ಎರಡಕ್ಕೂ ಅವಕಾಶ ಕೊಡದ ಹಾಗೆ ಎರಡು ನಿಮಿಷದಲ್ಲಿ ನನ್ನ ಕೇಸು ಮುಗಿದುಹೋಯಿತು. ಎರಡು ವರ್ಷ ಎಂಟು ತಿಂಗಳು ನಡೆದ ಕೇಸು ಅದು. ಏನು ಮಹಾ ಕೇಸು ಅಂತೀರಿ? ಚಿಕ್ಕಲಸಂದ್ರದ ನಮ್ಮ ಮನೆಯ ವರಾಂಡದಲ್ಲಿ ಐದು ಜನ ಹೆಂಗಸರು ಕೂತು ಸೀರೆಗೆ ಕುಚ್ಚು ಕಟ್ಟುತ್ತಿದ್ದರು. ಅದರ ಮೇಲೆ ಹಾಕಿದ ತೆರಿಗೆಯ ಕೇಸು.

ಮೊದಲಿನಿಂದ ಹೇಳುತ್ತೇನೆ. ನಮ್ಮದು ಮೂವತ್ತು ನಲವತ್ತರ ಸೈಟಿನಲ್ಲಿ ಕಟ್ಟಿದ ಮನೆ. ಮುಂದುಗಡೆ ಗ್ರಿಲ್ ಹಾಕಿದ ಒಂದು ವರಾಂಡ. ನಾನು ಕಾರ್ಖಾನೆಯೊಂದರ ಸ್ಟೋರ್ಸ್‌ನಲ್ಲಿ ಮೂವತ್ತು ಚಿಲ್ಲರೆ ವರ್ಷ ದುಡಿದು ನಿವೃತ್ತನಾಗುವ ಹೊತ್ತಿಗೆ ಆ ವರಾಂಡ ನನ್ನ ಕೈ ತಪ್ಪಿಹೋಗಿತ್ತು. ಅಲ್ಲಿ ಕೂತು ಪೇಪರ್ ಓದಬೇಕು ಎಂದು ಎಷ್ಟೋ ವರ್ಷದಿಂದ ಅಂದುಕೊಂಡಿದ್ದೆ. ಬಂದು ನೋಡಿದರೆ ಚಾಪೆ ಹಾಸಿದೆ, ಗ್ರಿಲ್ಲಿನಿಂದ ಬಣ್ಣಬಣ್ಣದ ರೇಷ್ಮೆ ದಾರ ಇಳಿಬಿದ್ದಿದೆ, ನನ್ನ ಹೆಂಡತಿಯೂ ಇನ್ನು ನಾಲ್ಕು ಜನರೂ ಸೆರಗಿನ ಅಂಚನ್ನು ದಿಂಬಿಗೆ ಪಿನ್ ಮಾಡಿಕೊಂಡು ಕೂತಿದ್ದಾರೆ. ಜಯನಗರದ ಒಂದೆರಡು ಅಂಗಡಿಯವರು ಸೀರೆ ಕಳಿಸುತ್ತಿದ್ದರು, ಇವರು ಕುಚ್ಚು ಕಟ್ಟಿ ಕಳಿಸುತ್ತಿದ್ದರು. ಮಧ್ಯಾಹ್ನ ಎರಡಕ್ಕೆ ಶುರುವಾದರೆ ಐದರವರೆಗೂ ಕೈ ಒಂದು ಕಡೆ, ಬಾಯಿ ಒಂದು ಕಡೆ.

ಆ ನಾಲ್ವರಲ್ಲಿ ಇಬ್ಬರು ನಮ್ಮ ಬೀದಿಯ ಓರಗಿತ್ತಿಯರು. ಒಬ್ಬಳು ಉತ್ತರಹಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ಹುಡುಗಿ. ಹುಡುಗಿ ಅಂದರೆ ಅವಳಿಗೇ ಇಬ್ಬರು ಮಕ್ಕಳು, ಆದರೆ ನಮ್ಮ ಕಣ್ಣಿಗೆ ಹುಡುಗಿ. ನಾಲ್ಕನೆಯವರು ಹಿಂದಿನ ಬೀದಿಯ ಅಜ್ಜಿ. ಅವರು ಇಲ್ಲಿ ಲೇಔಟ್ ಆಗುವ ಮೊದಲಿನ ಹಳ್ಳಿಯವರು. ನಮ್ಮ ವರಾಂಡ ಇರುವ ಜಾಗದಲ್ಲೇ ಅವರ ಅಪ್ಪನ ಹುರುಳಿ ಹೊಲ ಇತ್ತಂತೆ. ಕೋಪ ಬಂದಾಗ ಅದನ್ನು ನನಗೆ ನೆನಪಿಸುತ್ತಿದ್ದರು. ಅವರು ಕಟ್ಟಿದ ಗಂಟು ಹತ್ತು ವರ್ಷ ಉಟ್ಟರೂ ಬಿಚ್ಚುವುದಿಲ್ಲ ಅಂತ ಅಂಗಡಿಯವರೇ ಹೇಳುತ್ತಿದ್ದರು.

ಈ ಐವರಲ್ಲಿ ಒಂದು ಕಟ್ಟಳೆ ಇತ್ತು. ತಮ್ಮದೇ ಮನೆಯ ಸೀರೆಯಾದರೆ ಅದಕ್ಕೆ ದುಡ್ಡಿಲ್ಲ, ಎಲ್ಲರೂ ಸೇರಿ ಕಟ್ಟಬೇಕು. ಸೆರಗಿನ ಅಗಲ ಸುಮಾರು ಐದು ಗೇಣು. ತಲೆಗೆ ಒಂದೊಂದು ಗೇಣು. ಆದರೆ ಸೀರೆ ಯಾರದೋ ಅವಳು ಮಾತ್ರ ಸೂಜಿ ಮುಟ್ಟುವಂತಿಲ್ಲ, ಅವಳ ಪಾಲಿನ ಕೊನೆಯ ಗೇಣನ್ನು ಅಜ್ಜಿಯೇ ಕಟ್ಟಬೇಕು. ಅಜ್ಜಿಯದೇ ಸೀರೆಯಾದರೆ ಆ ಗೇಣು ನನ್ನ ಹೆಂಡತಿಯ ಪಾಲಿಗೆ. ಯಾವ ಶಾಸ್ತ್ರದಲ್ಲಿದೆ ಅಂತ ಕೇಳಬೇಡಿ. ನಾನು ಕೇಳಿ ಬೈಸಿಕೊಂಡಿದ್ದೇನೆ.

ಒಂದು ಮಧ್ಯಾಹ್ನ ತೆರಿಗೆ ಕಚೇರಿಯಿಂದ ಇಬ್ಬರು ಸರ್ವೆಗೆ ಬಂದರು. ಗೇಟಿನ ಹತ್ತಿರವೇ ನಿಂತು ಒಬ್ಬ ಕೇಳಿದ:

"ಏನ್ ಮೇಡಂ, ಇಲ್ಲಿ ಬಿಸಿನೆಸ್ ನಡೀತಿದ್ಯಾ?"

"ಬಿಸಿನೆಸ್ಸೇನ್ ಬಂತು ಸಾರ್, ಕುಚ್ಚು ಕಟ್ತಿದೀವಿ. ಬಿಸಿಲಲ್ಲಿ ಬಂದಿದೀರ, ಕಾಫಿ ಕುಡೀರಿ," ಅಂದಳು ನನ್ನ ಹೆಂಡತಿ.

ಕುಡಿದರು. ಕುಡಿದು ಲೋಟ ಕೆಳಗಿಟ್ಟು, ಒಂದು ಫೋಟೋ ತೆಗೆದುಕೊಳ್ಳಬಹುದಾ ಎಂದು ಕೇಳಿದರು. ಈ ಹೆಂಗಸರಿಗೆ ಏನನ್ನಿಸಿತೋ, ಸೆರಗು ಸರಿಮಾಡಿಕೊಂಡು, ಅಜ್ಜಿಯನ್ನು ಮಧ್ಯಕ್ಕೆ ಕೂರಿಸಿಕೊಂಡು, ಕಟ್ಟಿದ ಕುಚ್ಚನ್ನು ಎತ್ತಿ ಹಿಡಿದು ನಗುನಗುತ್ತಾ ಫೋಟೋ ಕೊಟ್ಟರು. ಪೇಪರಿನಲ್ಲಿ ಬರುತ್ತದೆ ಅಂದುಕೊಂಡಿದ್ದೆವು ಅಂತ ಆಮೇಲೆ ಉತ್ತರಹಳ್ಳಿ ಹುಡುಗಿ ಹೇಳಿದಳು. ಹಿಂದೆ ಬಾಗಿಲಲ್ಲಿ ಬನಿಯನ್ನಿನಲ್ಲಿ ನಿಂತಿರುವವನು ನಾನು.

ತಿಂಗಳೊಳಗೆ ನೋಟಿಸು ಬಂತು. ವಾಸದ ಕಟ್ಟಡದ ಮುಂಭಾಗವನ್ನು ವಾಣಿಜ್ಯ ಉದ್ದೇಶಕ್ಕೆ ಬಳಸುತ್ತಿರುವುದು ಕಂಡುಬಂದಿರುವುದರಿಂದ ಆ ಭಾಗಕ್ಕೆ ವಾಣಿಜ್ಯ ದರದಲ್ಲಿ ತೆರಿಗೆ, ಮೇಲೆ ದಂಡ. ನನಗೆ ಪಿತ್ತ ನೆತ್ತಿಗೇರಿತು. ಅಲ್ಲ, ನಾನು ಒಂದೊಂದು ಇಟ್ಟಿಗೆಗೂ ನೀರು ಹಾಕಿ ಕಟ್ಟಿಸಿದ ಮನೆ. ವಾಸ್ತುಪೂಜೆ ಮಾಡಿಸಿ, ಗುರುಗಳ ಪಾದಪೂಜೆ ಮಾಡಿಸಿ ಒಳಗೆ ಹೋದ ಮನೆ. ಅದನ್ನು ಅಂಗಡಿ ಅಂತ ಬರೆದು ಕಳಿಸುತ್ತಾರಲ್ಲ. ನನ್ನ ಹೆಂಡತಿ ಅಡುಗೆಮನೆಯಿಂದಲೇ ಹೇಳಿದಳು:

"ಎಷ್ಟು ಬಂದಿದ್ಯೋ ಕಟ್ಟಿ ಬಿಸಾಕಿ ರೀ. ನಮ್ಮ ಐದು ಜನದ ಒಂದು ತಿಂಗಳ ಕುಚ್ಚಿನ ದುಡ್ಡಲ್ಲಿ ಹೋಗತ್ತೆ."

"ದುಡ್ಡಿನ ಮಾತಲ್ಲ ಕಣೇ. ಇದು ಮನೆ ಅಂತ ಅವರು ಒಪ್ಕೋಬೇಕು."

"ಅವರು ಒಪ್ಕೊಂಡ್ರೇನು ಬಿಟ್ರೇನು, ನಾವು ಇರೋದು ಇಲ್ಲೇ ತಾನೆ?"

ಈಗ ಯೋಚಿಸಿದರೆ ಆ ಇಡೀ ಕೇಸಿನಲ್ಲಿ ಅಷ್ಟು ಸ್ಪಷ್ಟವಾಗಿ ಯಾವ ವಕೀಲನೂ ಮಾತಾಡಲಿಲ್ಲ. ಆದರೆ ನಾನು ನೋಟಿಸನ್ನು ಅವಳ ಕೈಗೂ ಕೊಡದೆ ಫೈಲಿಗೆ ಸೇರಿಸಿದೆ. ಅದೇ ಕಚೇರಿಯ ಮೇಲಧಿಕಾರಿಗೆ ಅರ್ಜಿ ಹಾಕಿದೆ, ಅವರು ತಳ್ಳಿಹಾಕಿದರು. ಆಮೇಲೆ ಜಯನಗರದಲ್ಲಿ ದರ್ಶಿನಿಯೊಂದರ ಮೇಲಿನ ಮಹಡಿಯಲ್ಲಿ ಕೂರುವ ವಕೀಲರೊಬ್ಬರನ್ನು ಹಿಡಿದು ಕೋರ್ಟಿಗೆ ಮೇಲ್ಮನವಿ ಹಾಕಿಸಿದೆ. ಕಾಗದಗಳಿಗೆಲ್ಲ ಸಹಿ ಮಾಡಿಸಿಕೊಂಡ ಮೇಲೆ ವಕೀಲರು ಒಂದು ಮಾತು ಹೇಳಿದರು:

"ಸಾರ್, ಕೇಸ್ ನಡೀವಾಗ ಸ್ವಲ್ಪ ಹುಷಾರಾಗಿರಿ. ಮತ್ತೆ ಇನ್‌ಸ್ಪೆಕ್ಷನ್ ಅಂತ ಬಂದು ಇನ್ನೊಂದು ಫೋಟೋ ಹೊಡ್ಕೊಂಡ್ರೆ ಚೆನ್ನಾಗಿರಲ್ಲ."

ಬೇರೆ ಯಾರಾಗಿದ್ದರೂ ಇದನ್ನು ಕೇಳಿಸಿಕೊಂಡು, ಗ್ರಿಲ್ಲಿಗೊಂದು ಪರದೆ ಹಾಕಿ ಸುಮ್ಮನಾಗುತ್ತಿದ್ದರು. ನಾನು ಸ್ಟೋರ್ಸ್‌ನಲ್ಲಿ ಬೆಳೆದವನು. ನಮ್ಮಲ್ಲಿ ಒಂದು ಮಾಲಿನ ಬಗ್ಗೆ ತಕರಾರು ಬಂದರೆ ಅದಕ್ಕೆ ಕೆಂಪು ಚೀಟಿ ಕಟ್ಟಿ ಮೂಲೆಯಲ್ಲಿ ಇಡಬೇಕು. ಚೀಟಿ ಬಿಚ್ಚಿ ಎಂದು ಮೇಲಿನಿಂದ ಕಾಗದ ಬರುವ ತನಕ ಜನರಲ್ ಮ್ಯಾನೇಜರ್ ಬಂದರೂ ಮುಟ್ಟುವಂತಿಲ್ಲ. ಒಂದು ಬೇರಿಂಗ್ ಪೆಟ್ಟಿಗೆ ಹಾಗೆ ಹನ್ನೊಂದು ವರ್ಷ ಕೂತಿದ್ದನ್ನು ನಾನೇ ಕಾದಿದ್ದೇನೆ, ಅದರ ಬಗ್ಗೆ ಹೆಮ್ಮೆಯೂ ಇತ್ತು. ಜಯನಗರದಿಂದ ಆಟೋದಲ್ಲಿ ಬರುತ್ತಾ ಬನಶಂಕರಿ ದೇವಸ್ಥಾನದ ಸಿಗ್ನಲ್ ದಾಟುವಷ್ಟರಲ್ಲಿ ನನ್ನ ತಲೆಯಲ್ಲಿ ವರಾಂಡಕ್ಕೆ ಕೆಂಪು ಚೀಟಿ ಬಿದ್ದಾಗಿತ್ತು.

ಮನೆಗೆ ಬಂದಾಗ ಮೂರೂವರೆ. ಐವರೂ ಕೂತಿದ್ದರು. ಮೆಂತ್ಯ ಬಣ್ಣದ ಒಂದು ರೇಷ್ಮೆ ಸೀರೆ ದಿಂಬಿನ ಮೇಲಿತ್ತು. ನಾನು ಚಪ್ಪಲಿಯನ್ನೂ ಬಿಡದೆ ಹೇಳಿದೆ:

"ಏಳಿ, ಎಲ್ಲಾ ಏಳಿ. ಕೋರ್ಟ್ ತೀರ್ಮಾನ ಆಗೋವರೆಗೂ ಇಲ್ಲಿ ಯಾರೂ ಕೂರೋ ಹಾಗಿಲ್ಲ."

"ಇದೊಂದ್ ಗೇಣು ಉಳಿದಿದೆ ಕಣಪ್ಪಾ, ಮುಗಿಸಿ ಎದ್ದೋಗ್ತೀನಿ," ಅಂದರು ಅಜ್ಜಿ.

"ಒಂದು ಗಂಟೂ ಬೇಡ. ಅವರು ಈಗ ಬಂದ್ರೂ ಬಂದ್ರೇ."

ಅಜ್ಜಿ ಸೂಜಿಯನ್ನು ದಿಂಬಿಗೆ ಚುಚ್ಚಿ ಎದ್ದರು. ನನ್ನ ಹೆಂಡತಿ ನನ್ನ ಮುಖ ನೋಡಲಿಲ್ಲ. ಸೀರೆ ಮಡಚಿಕೊಂಡು ಒಳಗೆ ಹೋದಳು. ನಾನು ಗ್ರಿಲ್ಲಿನ ದಾರಗಳನ್ನೆಲ್ಲ ಬಿಚ್ಚಿ ಒಂದು ಕವರಿಗೆ ತುಂಬಿದೆ. ಕೆಲಸ ಅಚ್ಚುಕಟ್ಟಾಯಿತು ಎಂದು ಖುಷಿಯೇ ಆಗಿತ್ತು, ನಾಚಿಕೆಯಿಂದಲೇ ಹೇಳುತ್ತಿದ್ದೇನೆ.

ಆಮೇಲೆ ವರಾಂಡ ನನ್ನದಾಯಿತು. ಎರಡು ಗಂಟೆಗೆ ಪೇಪರ್ ಹಿಡಿದು ಕೂರುತ್ತಿದ್ದೆ, ಎರಡೂಕಾಲಿಗೆ ಬೇಜಾರು ಬರುತ್ತಿತ್ತು. ಒಳಗೆ ಹೆಂಡತಿ ಟಿವಿ ಹಾಕಿಕೊಂಡು ಅದರ ಕಡೆ ನೋಡದೆ ಕೂತಿರುತ್ತಿದ್ದಳು. ಒಬ್ಬಳೇ ಒಳಗೆ ಕೂತು ಕಟ್ಟು ಅಂದೆ, ಒಬ್ಬಳೇ ಕೂತು ಕಟ್ಟೋದಕ್ಕೆ ನಾನೇನು ಮಿಷನ್ನಾ ಅಂದಳು. ನಮ್ಮ ಬೀದಿಯ ಇಬ್ಬರು ಜೆಪಿ ನಗರದ ಬೊಟಿಕ್ ಒಂದರಲ್ಲಿ ಕೆಲಸಕ್ಕೆ ಸೇರಿದರು ಎಂದು ಸುದ್ದಿ ಬಂತು. ಅಜ್ಜಿ ನಮ್ಮ ಬೀದಿಯಲ್ಲಿ ಕಾಣಿಸುವುದೇ ನಿಂತುಹೋಯಿತು. ವಯಸ್ಸಾಯಿತು, ಓಡಾಡಲು ಆಗುವುದಿಲ್ಲವೇನೋ ಅಂದುಕೊಂಡೆ.

ಈ ನಡುವೆ ಮಗಳ ಮದುವೆಯೂ ಆಯಿತು. ಮುಹೂರ್ತದ ದಿನ ನನ್ನ ಹೆಂಡತಿ ಹಳೆಯ ಸೀರೆಯೊಂದನ್ನು ಉಟ್ಟು ನಿಂತಿದ್ದಳು.

"ಈ ಮದುವೆಗೇ ಅಂತ ತಗೊಂಡಿದ್ಯಲ್ಲ, ಮೆಂತ್ಯದ ಬಣ್ಣದ್ದು, ಅದೆಲ್ಲಿ?"

"ಅದಕ್ಕೆ ಕುಚ್ಚು ಪೂರ್ತಿ ಆಗಿಲ್ಲ."

"ಯಾವ್ದಾದ್ರೂ ಅಂಗಡಿಗೆ ಕೊಟ್ಟು ಕಟ್ಟಿಸೋದಲ್ವಾ?"

ಅಷ್ಟರಲ್ಲಿ ಬೀಗರು ಬಂದರು, ನಾನು ಆ ಕಡೆ ಓಡಿದೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ, ಆ ಸೀರೆ ಯಾವ ಮಧ್ಯಾಹ್ನ ಯಾರ ಕೈಯಿಂದ ಅರ್ಧಕ್ಕೆ ನಿಂತಿತು ಎಂಬುದು ಆಗ ಹೊಳೆಯಲೇ ಇಲ್ಲ.

ಕೇಸು ಮುಂದಕ್ಕೆ ಹೋಗುತ್ತಲೇ ಇತ್ತು. ನಾನು ಪ್ರತಿ ಸಲವೂ ವಿಭೂತಿ ಹಚ್ಚಿಕೊಂಡು, ಇಸ್ತ್ರಿ ಅಂಗಿ ಹಾಕಿಕೊಂಡು ಕೋರ್ಟಿನ ಆ ಕೆಂಪು ಕಟ್ಟಡಕ್ಕೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತು ಬರುತ್ತಿದ್ದೆ. ನ್ಯಾಯಾಧೀಶರು ಒಂದಲ್ಲ ಒಂದು ದಿನ ಇದು ಮನೆಯೇ ಹೌದು ಎಂದು ಹೇಳುತ್ತಾರೆ, ಅದನ್ನು ಬರೆಸಿ, ಫ್ರೇಮ್ ಹಾಕಿಸಿ ವರಾಂಡದಲ್ಲಿ ನೇತುಹಾಕಬೇಕು ಎಂದು ಜಾಗವನ್ನೂ ನೋಡಿಟ್ಟಿದ್ದೆ.

ಕೊನೆಗೆ ನಮ್ಮ ನಂಬರ್ ಕೂಗಿದ ದಿನ ಎದುರು ಪಕ್ಷದ ವಕೀಲರು ಎದ್ದು ಒಂದು ಹಾಳೆ ಕೊಟ್ಟರು. ಆ ಸಲದ ಸರ್ವೆ ಸರಿಯಾದ ಕ್ರಮದಲ್ಲಿ ಆಗಿಲ್ಲವಾದ್ದರಿಂದ ನಮ್ಮ ಬಡಾವಣೆಯ ಅಂಥ ನೋಟಿಸುಗಳನ್ನೆಲ್ಲ ತೆರಿಗೆ ಕಚೇರಿಯೇ ವಾಪಸು ತೆಗೆದುಕೊಂಡಿದೆ ಎಂದು ಅದರಲ್ಲಿತ್ತಂತೆ. ನ್ಯಾಯಾಧೀಶರು ಕನ್ನಡಕ ಏರಿಸಿ ನಮ್ಮ ವಕೀಲರನ್ನು ಕೇಳಿದರು: "ತೆರಿಗೆ ಡಿಮ್ಯಾಂಡೇ ಇಲ್ಲ ಅಂದಮೇಲೆ ಇನ್ನೇನು ಉಳಿದಿದೆ?" ನಮ್ಮವರು ತಲೆಬಾಗಿ ಏನೋ ಅಂದರು. ನ್ಯಾಯಾಧೀಶರು ಇಂಗ್ಲಿಷಿನಲ್ಲಿ ನಾಲ್ಕು ಸಾಲು ಹೇಳಿ ಬರೆಸಿದರು. ಡಿಸ್ಮಿಸ್ಡ್ ಎಂಬ ಒಂದು ಪದ ನನ್ನ ಕಿವಿಗೆ ಬಿತ್ತು. ಅಷ್ಟರಲ್ಲಿ ಮುಂದಿನ ನಂಬರ್ ಕೂಗಿಯಾಗಿತ್ತು.

ಹೊರಗೆ ಬಂದು ನಾನು ನಮ್ಮ ವಕೀಲರನ್ನು ಹಿಡಿದು ನಿಲ್ಲಿಸಿದೆ.

"ಸೋತ್ವಾ ಸಾರ್?"

"ಇಲ್ಲ ಸಾರ್, ಸೋಲೋದೆಲ್ಲಿ ಬಂತು. ನೀವು ಒಂದು ಪೈಸೆ ಕಟ್ಟೋ ಹಾಗಿಲ್ಲ."

"ಮತ್ತೆ ವಜಾ ಅಂದ್ರಲ್ಲ, ನಮ್ಮ ಅರ್ಜೀನ."

"ಇನ್‌ಫ್ರಕ್ಚುಯಸ್ ಆಯ್ತು ಅಂತ ವಜಾ. ಅಂದ್ರೆ, ನೀವು ಯಾವ್ದರ ಮೇಲೆ ಜಗಳ ಆಡ್ತಿದ್ರೋ ಅದೇ ಹೊರಟೋಯ್ತು. ಇನ್ನು ಅರ್ಜಿ ಇಟ್ಕೊಂಡು ಏನ್ ಮಾಡ್ತಾರೆ?"

"ಹಂಗಾದ್ರೆ ಗೆದ್ವಾ?"

"ಗೆದ್ದ ಹಾಗೇನೇ."

ಗೆದ್ದ ಹಾಗೆ ಅಂದರೆ ಏನು ಸ್ವಾಮಿ? ಊಟ ಮಾಡಿದ ಹಾಗೆ ಅಂದರೆ ಹೊಟ್ಟೆ ತುಂಬುತ್ತದೆಯೇ? ನಾನು ಬಿಡಲಿಲ್ಲ. ನಮ್ಮದು ಮನೆಯೋ ಅಂಗಡಿಯೋ, ಅದನ್ನು ಏನು ಹೇಳಿದರು ಎಂದು ಕೇಳಿದೆ. ಅದನ್ನು ಹೇಳಲಿಲ್ಲ, ಆ ಪ್ರಶ್ನೆಗಳನ್ನೆಲ್ಲ ಹಾಗೇ ಇಟ್ಟಿದ್ದಾರೆ, ಮುಂದೆ ಯಾವಾಗಲಾದರೂ ಅಗತ್ಯ ಬಿದ್ದರೆ ನೋಡುತ್ತಾರೆ ಅಂದರು. ನನ್ನ ತಲೆ ಕೆಟ್ಟು ಗೊಬ್ಬರವಾಯಿತು.

"ಅದೆಲ್ಲ ಹಾಳಾಗ್ಲಿ ಸಾರ್. ಒಂದೇ ಹೇಳಿ. ಹೆಂಗಸರು ವರಾಂಡದಲ್ಲಿ ಕೂತ್ಕೋಬಹುದಾ, ಬೇಡ್ವಾ?"

ವಕೀಲರು ನನ್ನನ್ನು ವಿಚಿತ್ರವಾಗಿ ನೋಡಿದರು.

"ಯಾಕೆ, ಈಗ ಕೂತ್ಕೊಳ್ತಿಲ್ವಾ?"

"ನೀವೇ ಅಲ್ವಾ ಬೇಡ ಅಂದಿದ್ದು?"

"ನಾನು ಹುಷಾರಾಗಿರಿ ಅಂದೆ ಸಾರ್. ಎಬ್ಬಿಸಿ ಕಳಿಸಿ ಅಂದ್ನಾ?"

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಅದನ್ನೇ ಯೋಚಿಸಿದೆ. ಅಂದರೋ, ಅನ್ನಲಿಲ್ಲವೋ. ಅಂದಿರಬೇಕು. ಅನ್ನದೆ ನಾನೇಕೆ ಎಬ್ಬಿಸುತ್ತೇನೆ? ಇಳಿಯುವ ಸ್ಟಾಪು ದಾಟಿ ಉತ್ತರಹಳ್ಳಿಯವರೆಗೂ ಹೋಗಿಬಿಟ್ಟಿದ್ದೆ, ಅಲ್ಲಿಂದ ನಡೆದುಕೊಂಡು ಬಂದೆ.

ಮನೆಯಲ್ಲಿ ನನ್ನ ಹೆಂಡತಿ ನೀರು ಕೊಟ್ಟು ಎದುರಿಗೆ ಕೂತಳು. ನಡೆದದ್ದನ್ನು ಹೇಳಿದೆ. ಗೆಲುವು ಸೋಲು ಎರಡೂ ಅವಳಿಗೆ ಬೇಕಿರಲಿಲ್ಲ.

"ಆ ಮೊದಲನೇ ನೋಟಿಸು ಕೊಡಿ ಇಲ್ಲಿ," ಅಂದಳು.

ಫೈಲು ಅಷ್ಟು ಹೊತ್ತಿಗೆ ಎರಡು ಬೆರಳು ದಪ್ಪವಾಗಿತ್ತು. ತಳದಿಂದ ಎಳೆದು ಕೊಟ್ಟೆ. ಅವಳು ಕನ್ನಡಕ ಹಾಕಿಕೊಂಡು, ಬೆರಳಿಟ್ಟು ಒಂದೊಂದು ಸಾಲನ್ನೂ ಓದಿದಳು. ತಿರುಗಿಸಿ ಹಿಂದೆಯೂ ನೋಡಿದಳು.

"ಕುಚ್ಚು ಕಟ್ಟೋದು ನಿಲ್ಲಿಸಿ ಅಂತ ಎಲ್ಲಿ ಬರೆದಿದೆ ರೀ?"

"ಅದರಲ್ಲೇ ಇರತ್ತೆ, ನೋಡು."

"ತೆರಿಗೆ ಕಟ್ಟಿ ಅಂತ ಇದೆ. ನೀವೇ ಹುಡುಕಿ ಕೊಡಿ."

ಹುಡುಕಿದೆ. ಆ ನೋಟಿಸಿನಲ್ಲಿ ಇರಲಿಲ್ಲ. ಮೇಲಧಿಕಾರಿಯ ಉತ್ತರದಲ್ಲೂ ಇರಲಿಲ್ಲ. ಇಡೀ ಫೈಲನ್ನು ಊಟದ ಮೇಜಿನ ಮೇಲೆ ಹರಡಿಕೊಂಡು, ಒಂದೊಂದು ಹಾಳೆಯನ್ನೂ ಬೆಳಕಿಗೆ ಹಿಡಿದು ನೋಡಿದೆ. ಇದೊಂದು ಅಂಗಡಿ ಎಂದಿದ್ದರು, ಇಷ್ಟು ಕೊಡಿ ಎಂದಿದ್ದರು. ಯಾರೊಬ್ಬರೂ, ಎಲ್ಲಿಯೂ, ಆ ಐವರನ್ನು ಎಬ್ಬಿಸಿ ಎಂದಿರಲಿಲ್ಲ. ಯಾವ ಕೆಂಪು ಚೀಟಿ ಬಿಚ್ಚುವ ಕಾಗದಕ್ಕಾಗಿ ನಾನು ಇಷ್ಟು ದಿನ ಕಾದಿದ್ದೆನೋ ಆ ಚೀಟಿಯನ್ನು ಕಟ್ಟಿದವರು ಯಾರೂ ಇರಲಿಲ್ಲ, ನನ್ನ ಬಿಟ್ಟರೆ. ನನ್ನ ಮುಖ ಹುಳ್ಳಗಾಯಿತು.

ಅವಳು ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು. ಅವಳು ಹರಡಿದ ಹಾಳೆಗಳ ನಡುವಿನಿಂದ ಒಂದನ್ನು ಎತ್ತಿಕೊಂಡಳು. ಕೇಸಿನ ಕಾಗದಗಳಿಗೆ ಲಗತ್ತಿಸಿ, ಅನೆಕ್ಷರ್ ಸಿ ಎಂದು ಮೂಲೆಯಲ್ಲಿ ಬರೆದಿದ್ದ, ಸರ್ವೆಯವರು ತೆಗೆದ ಆ ಫೋಟೋ. ಐವರೂ ನಗುತ್ತಾ ಕುಚ್ಚು ಎತ್ತಿ ಹಿಡಿದಿದ್ದಾರೆ.

"ಕೇಸ್ ಮುಗೀತಲ್ಲ, ಇದನ್ನ ನಾನು ಇಟ್ಕೋಬಹುದಾ? ನಾವೆಲ್ಲ ಒಟ್ಟಿಗಿರೋ ಫೋಟೋ ಬೇರೆ ಇಲ್ಲ."

ಇಟ್ಟುಕೊಳ್ಳಬಹುದೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಇಟ್ಟುಕೋ ಅಂದೆ. ಆಮೇಲೆ ಬೀರುವಿನಿಂದ ಮೆಂತ್ಯ ಬಣ್ಣದ ಸೀರೆ ತಂದು ನನ್ನ ಮುಂದೆ ಸೆರಗು ಬಿಡಿಸಿದಳು. ನಾಲ್ಕು ಗೇಣು ಒತ್ತಾಗಿ ಕುಚ್ಚು. ಕೊನೆಯ ಗೇಣಿನಲ್ಲಿ ಬರೀ ಎಳೆ.

"ಇದು ನನ್ನ ಪಾಲಿನ ಗೇಣು. ನಾನು ಕಟ್ಟೋ ಹಾಗಿಲ್ಲ," ಅಂದಳು. ಆವಾಗ ನನಗೆ ಎಲ್ಲಾ ಅರ್ಥವಾಯಿತು. ಅವಳ ಕಣ್ಣು ನೋಡುವುದಕ್ಕೆ ಧೈರ್ಯ ಬರಲಿಲ್ಲ. ಅಳು ಬಂತು, ಬಾತ್‌ರೂಮಿಗೆ ಹೋಗಿ ಮುಖ ತೊಳೆದುಕೊಂಡು ಬಂದೆ.

ಮರುದಿನ ಬೆಳಿಗ್ಗೆ ನಾನೇ ಒಬ್ಬೊಬ್ಬರ ಮನೆಗೂ ಕರೆಯಲು ಹೋದೆ. ಓರಗಿತ್ತಿಯರಿಬ್ಬರೂ ಬೊಟಿಕ್‌ಗೆ ಹೊರಟು ನಿಂತಿದ್ದರು. "ಈಗ ಹೆಂಗಾಗತ್ತೆ ಅಂಕಲ್, ಅಲ್ಲಿ ಟೈಮಿಗೆ ಇರ್ಬೇಕು," ಅಂದರು. ಆ ಕೆಲಸ ಬಿಡುವ ಮನಸ್ಸೂ ಅವರಿಗಿರಲಿಲ್ಲ, ಬಿಟ್ಟು ಬನ್ನಿ ಎನ್ನುವ ಮುಖ ನನಗೂ ಇರಲಿಲ್ಲ. ಉತ್ತರಹಳ್ಳಿ ಹುಡುಗಿ ಮಾತ್ರ ಬರುತ್ತೇನೆ ಅಂದಳು. ಅಜ್ಜಿಯ ಮನೆಯಲ್ಲಿ ಸೊಸೆ ಬಾಗಿಲು ತೆಗೆದು, ಒಂದು ಕಣ್ಣಿಗೆ ಪೊರೆ ಆಪರೇಷನ್ ಆಗಿದೆ, ಇನ್ನೊಂದಕ್ಕೆ ಆಗಬೇಕು, ಸೂಜಿ ಕೆಲಸ ಆಗೋದಿಲ್ಲ ಅಂದಳು. ಒಳಗಿನಿಂದ ಅಜ್ಜಿ ಕೇಳಿಸಿಕೊಂಡು, "ಯಾವ ಸೀರೆ?" ಎಂದು ಕೂಗಿದರು. ಮೆಂತ್ಯ ಬಣ್ಣದ್ದು ಅಂದೆ. ಚಪ್ಪಲಿ ಹುಡುಕುವ ಸದ್ದು ಕೇಳಿಸಿತು.

ಎರಡು ಗಂಟೆಗೆ ವರಾಂಡದಲ್ಲಿ ಚಾಪೆ ಹಾಸಿದ್ದೆ. ಕವರಿನ ದಾರಗಳನ್ನು ಬಿಡಿಸಿ ಗ್ರಿಲ್ಲಿಗೆ ಇಳಿಬಿಡಲು ಹೋಗಿ ಎಲ್ಲಾ ಸಿಕ್ಕುಮಾಡಿದೆ, ಹುಡುಗಿ ಬಂದು ಸರಿಮಾಡಿದಳು. ಅಜ್ಜಿ ಸೆರಗಿನ ಮೇಲೆ ಬೆರಳಾಡಿಸಿ, ತಾವು ಬಿಟ್ಟಿದ್ದ ಜಾಗವನ್ನು ತಾವೇ ಹುಡುಕಿಕೊಂಡರು. ಬೆರಳಿಗೆ ಗಂಟು ಗೊತ್ತು, ಸೂಜಿಗೆ ದಾರ ಪೋಣಿಸುವುದು ಮಾತ್ರ ಆಗುತ್ತಿರಲಿಲ್ಲ. ಹುಡುಗಿ ದಾರ ಸುತ್ತುತ್ತಿದ್ದಳು, ನನ್ನ ಹೆಂಡತಿ ಸೂಜಿ ಮುಟ್ಟುವಂತಿಲ್ಲ. ನಾನು ಕನ್ನಡಕ ಹಾಕಿಕೊಂಡು ಕೆಳಗೆ ಕೂತು ಪೋಣಿಸಲು ಹೊರಟೆ. ಎರಡು ಸಲ ತಪ್ಪಿತು.

"ಕೋರ್ಟ್‌ನೋರು ಕೊನೆಗೆ ಏನಂದ್ರಪ್ಪಾ? ನಾವು ಕೂತ್ಕೋಬೌದಂತಾ?" ಅಜ್ಜಿ ಕೇಳಿದರು.

"ಅವರು ಅದರ ಬಗ್ಗೆ ಏನೂ ಹೇಳಲಿಲ್ಲಮ್ಮ."

"ಮೊದ್ಲು ಕೂತ್ಕೋಬೇಡಿ ಅಂದಿದ್ರಲ್ಲ?"

ನನ್ನ ಹೆಂಡತಿ ಪಕ್ಕದಲ್ಲೇ ಇದ್ದಳು. ನಾನೇ ಹೇಳಲಿ ಎಂದು ಕಾಯುತ್ತಿದ್ದಳು.

"ಅವರು ಅಂದಿರಲಿಲ್ಲ. ನಾನು ಅಂದಿದ್ದು."

ಅಜ್ಜಿಯ ಬೆರಳು ಸೆರಗಿನ ಮೇಲೆ ನಿಂತಿತು.

"ನೀನಾ? ನಾನು ಸರ್ಕಾರದೋರು ಅನ್ಕೊಂಡಿದ್ನಲ್ಲಪ್ಪ. ನನ್ನಿಂದ ನಿಮಗೆ ತೊಂದ್ರೆ ಆಗ್ಬಾರ್ದು ಅಂತ ಇಷ್ಟು ದಿನ ಈ ಬೀದೀಲಿ ಕಾಲಿಡ್ಲಿಲ್ಲ. ಗಣೇಶನ ಗುಡಿಗೂ ಆ ಕಡೆ ಮೇನ್ ರೋಡ್ ಸುತ್ಕೊಂಡೇ ಹೋಗ್ತಿದ್ದೆ."

ಅಷ್ಟು ಹೇಳಿ ನನ್ನ ಕಡೆ ಕೈ ಚಾಚಿದರು. ಮೂರನೆಯ ಸಲಕ್ಕೆ ದಾರ ಒಳಗೆ ಹೋಗಿತ್ತು. ಸೂಜಿ ಕೊಟ್ಟೆ.